ಪ್ರಾಜೆಕ್ಟ್ ಮ್ಯಾನೇಜ್‌ಮೆಂಟನ್ನು ಕಾದಂಬರಿ ಓದಿ ಕಲಿತವರು ಯಾರಾದರೂ ಇದ್ದೀರಾ?

ಮಂಡ್ಯ ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷ ಕೋಡ್ ಬರೆದುಕೊಂಡಿದ್ದವಳನ್ನು ಯುಗಾದಿ ಕಳೆದ ಮೇಲೆ ಟೀಮ್ ಲೀಡ್ ಮಾಡಿದ್ದಾರೆ. ಟೀಮಿನಲ್ಲಿ ಏಳು ಜನ: ನಾಲ್ವರು ಡೆವಲಪರ್‌ಗಳು, ಇಬ್ಬರು ಟೆಸ್ಟರ್‌ಗಳು, ಈಗಷ್ಟೇ ಕಾಲೇಜು ಮುಗಿಸಿ ಬಂದ ಒಬ್ಬ ಹುಡುಗ. ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನಮ್ಮದು. ಹೊಸ ಆವೃತ್ತಿ ದೀಪಾವಳಿಗೆ ಮುಂಚೆ ಗ್ರಾಹಕರ ಕೈ ಸೇರಬೇಕು. ಮೇಲಿನವರು ಈ ತಾರೀಕು ಒಪ್ಪಿಕೊಂಡು ಬಂದರು, ಆಮೇಲೆ ನಮಗೆ ಹೇಳಿದರು. ಇನ್ಶೂರೆನ್ಸ್ ಕ್ಲೇಮ್ ಭಾಗ ನಮ್ಮಲ್ಲಿ ಒಬ್ಬರಿಗೇ ಗೊತ್ತು. ಅವರು ರಜೆ ಹಾಕಿದ ದಿನ ಆ ಕೆಲಸ ಅಲ್ಲೇ ನಿಲ್ಲುತ್ತದೆ.

ಇದನ್ನೆಲ್ಲ ನಿಭಾಯಿಸುವುದು ಹೇಗೆ ಅಂತ ಕೇಳಿದ್ದಕ್ಕೆ ಆಫೀಸಿನಲ್ಲಿ ಪಿಎಂಬಾಕ್ ಗೈಡ್ ಅನ್ನುವ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕೈಪಿಡಿಯ ಆರನೇ ಆವೃತ್ತಿ ಕೊಟ್ಟರು. ಹತ್ತು ಜ್ಞಾನಕ್ಷೇತ್ರ, 49 ಪ್ರಕ್ರಿಯೆ. ದಿನಾ ಮಂಡ್ಯದಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತೇನೆ, ಓದಲು ಸಿಗುವ ಸಮಯ ಅದೊಂದೇ. ಮನೆಗೆ ಹೋದರೆ ಮಗಳ ಹೋಮ್‌ವರ್ಕು, ಅಡುಗೆ. ಪುಸ್ತಕ ತೆರೆದರೆ ಮದ್ದೂರು ದಾಟುವುದರೊಳಗೆ ಕಣ್ಣೆಳೆಯುತ್ತದೆ. ತಪ್ಪು ಪುಸ್ತಕದ್ದಲ್ಲ, ಅದು ಬೇಕಾದಾಗ ತೆಗೆದು ನೋಡುವ ನಿಘಂಟಿನ ಹಾಗೆ. ನಿಘಂಟನ್ನು ಮೊದಲ ಪುಟದಿಂದ ಓದಿ ಭಾಷೆ ಕಲಿಯುವುದು ನನ್ನಿಂದ ಆಗುತ್ತಿಲ್ಲ.

ಮೊನ್ನೆ ಗೆಳತಿಯೊಬ್ಬಳು ಇದೇ ವಿಷಯದ ಮೇಲೆ ಕಾದಂಬರಿಗಳಿವೆ ಅಂದಳು. ಕಥೆ ಅಂದರೆ ನಾನು ನಿದ್ದೆಗೆಟ್ಟು ಓದುವವಳು. ಯಾರಾದರೂ ಓದಿದ್ದೀರಾ? ಓದಿದ ಮೇಲೆ ಕೆಲಸದಲ್ಲಿ ಏನಾದರೂ ಬದಲಾಯಿತಾ? ನಾನು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ, ಇಂಗ್ಲಿಷ್ ಕಾದಂಬರಿ ಓದುವುದು ನಿಧಾನ. ಹಾಗಾಗಿ ಒಂದೇ ಒಂದು ಹೇಳಿ ಅಂದರೆ ಯಾವುದು ಹೇಳುತ್ತೀರಿ?

---

ಹಳೇ ಟೆಸ್ಟರ್

ಒಂದೇ ಅಂದರೆ ಟಾಮ್ ಡಿಮಾರ್ಕೊ ಬರೆದ 'ದಿ ಡೆಡ್‌ಲೈನ್'. 1997ರ ಪುಸ್ತಕ. ಇಂಗ್ಲಿಷ್ ಕಷ್ಟವಿಲ್ಲ, ಚಿಕ್ಕ ಚಿಕ್ಕ ಅಧ್ಯಾಯಗಳು, ತುಂಬ ಮಾತುಕತೆ. ನಿಮ್ಮ ರೈಲಿನ ಓದಿಗೆ ಹೊಂದುತ್ತದೆ.

ಕಥೆ ಹೀಗೆ. ಟಾಂಪ್‌ಕಿನ್ಸ್ ಅನ್ನುವವರು ದೊಡ್ಡ ಟೆಲಿಕಾಂ ಕಂಪನಿಯಲ್ಲಿ ಮ್ಯಾನೇಜರ್. ಕೆಲಸ ಹೋಗುವ ಹೊತ್ತಿಗೆ ಒಬ್ಬಳು ಗೂಢಚಾರಿಣಿ ಅವರನ್ನು ಅಪಹರಿಸಿ ಮೊರೊವಿಯಾ ಅನ್ನುವ ಕಲ್ಪಿತ ದೇಶಕ್ಕೆ ಕರೆದೊಯ್ಯುತ್ತಾಳೆ. ಆ ದೇಶಕ್ಕೆ ಸಾಫ್ಟ್‌ವೇರ್ ರಫ್ತು ಮಾಡಿ ದೊಡ್ಡದಾಗುವ ಆಸೆ. ಆರು ಪ್ರಾಡಕ್ಟ್ ಮಾಡಬೇಕು. ಎಂಜಿನಿಯರ್‌ಗಳು ಬೇಕಾದಷ್ಟಿದ್ದಾರೆ. ಟಾಂಪ್‌ಕಿನ್ಸ್ ಒಂದೊಂದು ಪ್ರಾಡಕ್ಟಿಗೂ ಮೂರು ಮೂರು ತಂಡ ಕಟ್ಟಿ, ಒಟ್ಟು 18 ತಂಡಗಳಿಗೆ ಬೇರೆ ಬೇರೆ ರೀತಿಯಲ್ಲಿ ಕೆಲಸ ಕೊಟ್ಟು, ಯಾವ ರೀತಿ ಗೆಲ್ಲುತ್ತದೆ ಅಂತ ನೋಡಲು ಹೊರಡುತ್ತಾರೆ. ಅಷ್ಟರಲ್ಲಿ ಬೆಲೋಕ್ ಅನ್ನುವ ಮಂತ್ರಿ ಬಂದು ತಾರೀಕು ಹಿಂದಕ್ಕೆಳೆಯುತ್ತಾನೆ, ಜನ ತುಂಬು ಅನ್ನುತ್ತಾನೆ, ಒತ್ತಡ ಹಾಕು ಅನ್ನುತ್ತಾನೆ.

ಈ ಬೆಲೋಕ್‌ನನ್ನು ನಾನು ಪುಸ್ತಕಕ್ಕಿಂತ ಮುಂಚೆಯೇ ನೋಡಿದ್ದೆ. ಸಾಲ ಮಂಜೂರು ಮಾಡುವ ಸಾಫ್ಟ್‌ವೇರ್ ಒಂದರ ಟೆಸ್ಟಿಂಗ್‌ನಲ್ಲಿದ್ದೆ, ಯಾವ ಕಂಪನಿ ಅನ್ನುವುದು ಬೇಡ. ಮಾರ್ಚ್ 31ಕ್ಕೆ ಮುಗಿಯಬೇಕಿತ್ತು. ಕೋಡ್ ಬರೆಯುವವರು ಐದು ಜನ. ಸಂಕ್ರಾಂತಿ ಹೊತ್ತಿಗೆ ಮೂರು ವಾರ ಹಿಂದೆ ಬಿದ್ದಿದ್ದರು. ಮೇಲಿನವರು ಬೇರೆ ಕಡೆಯಿಂದ ಆರು ಜನರನ್ನು ತಂದು ಕೂರಿಸಿದರು. ಬಂದವರು ಒಳ್ಳೆಯವರೇ, ಬುದ್ಧಿವಂತರೇ. ಆದರೆ ಅವರಿಗೆ ಹೇಳಿಕೊಡುವವರು ಯಾರು? ಅದೇ ಐದು ಜನ. ಹಿಂದೆ ಬಿದ್ದಿದ್ದವರೇ ಪಾಠ ಹೇಳಲು ಕೂತರು. ಐದು ಜನ ಇದ್ದಾಗ ಒಬ್ಬರಿಗೊಬ್ಬರು ಮಾತಾಡುವ ಜೋಡಿಗಳು ಹತ್ತು, ಹನ್ನೊಂದು ಜನ ಆದಾಗ 55. ಲೆಕ್ಕ ಹಾಕಿ ನೋಡಿ. ಫೆಬ್ರವರಿ ಪೂರ್ತಿ ರಾತ್ರಿ ಹನ್ನೊಂದಕ್ಕೆ ಕ್ಯಾಬ್. ಹತ್ತು ಗಂಟೆಯ ನಂತರ ಬರೆದ ಕೋಡ್ ಮರುದಿನ ನನ್ನ ಮೇಜಿಗೆ ಬರುತ್ತಿತ್ತು, ಅದರಲ್ಲಿ ಸಿಗುತ್ತಿದ್ದ ದೋಷಗಳನ್ನು ತಿದ್ದಲು ಅವತ್ತಿನ ಹಗಲು ಹೋಗುತ್ತಿತ್ತು. ಕೊನೆಗೆ ಕೊಟ್ಟಿದ್ದು ಜೂನ್‌ನಲ್ಲಿ. ಐವರಲ್ಲಿ ಇಬ್ಬರು ಅಷ್ಟರಲ್ಲಿ ಕೆಲಸ ಬಿಟ್ಟಿದ್ದರು. ಅದರಲ್ಲೊಬ್ಬ ನನ್ನ ಜೊತೆ ದಿನಾ ಊಟಕ್ಕೆ ಕೂರುತ್ತಿದ್ದವನು.

ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನಷ್ಟು ತಡವಾಗುತ್ತದೆ ಅಂತ ಸಾಫ್ಟ್‌ವೇರ್ ಎಂಜಿನಿಯರ್ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಆ ಮಾತು ನನಗೆ ಗೊತ್ತಿತ್ತು, ಪರೀಕ್ಷೆಗೂ ಬರೆದಿದ್ದೆ. ಆದರೂ ಆ ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲ. ಎರಡು ವರ್ಷದ ನಂತರ ಈ ಕಾದಂಬರಿಯಲ್ಲಿ ಜನ ತುಂಬಿದ ತಂಡಗಳ ಪಾಡು ಓದುವಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಜನ ಜಾಸ್ತಿ ಇದ್ದರೆ ಎಲ್ಲರಿಗೂ ಮೊದಲ ದಿನದಿಂದಲೇ ಕೆಲಸ ಹಂಚಬೇಕು. ಹಂಚಬೇಕಾದರೆ ವಿನ್ಯಾಸ ಇನ್ನೂ ಹಣ್ಣಾಗುವ ಮೊದಲೇ ತುಂಡು ಮಾಡಬೇಕು. ಆಮೇಲೆ ತುಂಡುಗಳು ಒಂದಕ್ಕೊಂದು ಕೂರುವುದಿಲ್ಲ. ಈ ಕಾರ್ಯಕಾರಣ ನನಗೆ ತಲೆಗೆ ಹೋದದ್ದು ಕಥೆಯಿಂದ. ಆ ಮೇಲೆ ಇನ್ನೊಂದು ಮೀಟಿಂಗಿನಲ್ಲಿ ಬಾಯಿ ಬಿಟ್ಟೆ.

ಈಗ ನಿಮಗೆ ಉಪಯೋಗಕ್ಕೆ ಬರುವುದು. ಟಾಂಪ್‌ಕಿನ್ಸ್ ಕಲಿತದ್ದನ್ನು ಆಗಾಗ ದಿನಚರಿಯಲ್ಲಿ ಬರೆದಿಡುತ್ತಾರೆ. ಅಧ್ಯಾಯದ ಕೊನೆಯಲ್ಲಿ ಆ ಪುಟ ಬಂದಾಗ ಓದಬೇಡಿ. ಮೊದಲು ನಿಮ್ಮ ನೋಟ್‌ಬುಕ್ಕಿನಲ್ಲಿ ನಿಮಗೆ ತೋಚಿದ್ದನ್ನು ಕನ್ನಡದಲ್ಲೇ ಬರೆಯಿರಿ, ನಿಮ್ಮ ಟೀಮಿನ ಹೆಸರುಗಳನ್ನಿಟ್ಟು. ಆಮೇಲೆ ಅವರದ್ದು ಓದಿ. ನನ್ನ ನೋಟ್‌ಬುಕ್ಕಿನಲ್ಲಿ ಒಂದು ಕಡೆ ಹೀಗಿದೆ: 'ತಾರೀಕು ಸಾಧ್ಯವಾ ಅಂತ ಕೇಳಿದಾಗ ಯಾರೂ ಮಾತಾಡಲಿಲ್ಲ. ಸುಮ್ಮನಿದ್ದದ್ದನ್ನು ಒಪ್ಪಿಗೆ ಅಂತ ಬರೆದುಕೊಂಡರು.' ಅದು ನನ್ನ ಕಣ್ಣೆದುರು ನಡೆದದ್ದು.

ಇನ್ನೊಂದು, ನನ್ನ ಮಟ್ಟಿಗೆ ಪುಸ್ತಕದ ತಿರುಳು. ಡಾಕ್ಟರ್ ಜಮೀದ್ ಅನ್ನುವ ಪಾತ್ರ ಬರುತ್ತದೆ. ಮ್ಯಾನೇಜರ್ ಮನಸ್ಸಿನೊಳಗಿನ ಅಂದಾಜನ್ನು ಗೆರೆ ಎಳೆದು ಕಾಗದದ ಮೇಲೆ ತರಲು ಅವರು ಕಲಿಸುತ್ತಾರೆ. ನಿಮ್ಮ ಹೊಸ ಹುಡುಗನನ್ನೇ ತೆಗೆದುಕೊಳ್ಳಿ. ಅಡ್ಡಕ್ಕೆ ವಾರಗಳು, ನಿಲುವಿಗೆ ಅವನಿಂದ ತಂಡಕ್ಕೆ ಸಿಗುವ ಕೆಲಸ. ಮೊದಲ ವಾರಗಳಲ್ಲಿ ಗೆರೆ ಸೊನ್ನೆಗಿಂತ ಕೆಳಗೇ ಇರಬೇಕು, ಏಕೆಂದರೆ ಹೇಳಿಕೊಡುವವರ ಸಮಯವೂ ಅವನಿಗೇ ಹೋಗುತ್ತದೆ. ಎಷ್ಟನೇ ವಾರಕ್ಕೆ ಸೊನ್ನೆ ದಾಟುತ್ತಾನೆ? ಎಷ್ಟನೇ ವಾರಕ್ಕೆ ಪೂರ್ತಿ ಕೆಲಸ? ಊಹೆಯೇ ಇರಲಿ, ಬರೆದಿಡಿ. ಆಮೇಲೆ ನಿಜವಾಗಿ ಆದದ್ದನ್ನು ಅದರ ಮೇಲೆಯೇ ಬೇರೆ ಬಣ್ಣದಲ್ಲಿ ಎಳೆಯಿರಿ. ಎರಡು ಗೆರೆಗಳ ನಡುವಿನ ಅಂತರ ನಿಮಗೆ ಕಲಿಸುವುದನ್ನು ಬೇರೆ ಯಾರೂ ಕಲಿಸಲಾರರು.

ಸಾಹಿತ್ಯ ಅಂತ ನೋಡಿದರೆ ಪಾತ್ರಗಳು ತೆಳು. ನಮ್ಮ ಒಳ್ಳೆಯ ಕಾದಂಬರಿಗಳನ್ನು ಓದಿ ಬೆಳೆದವರಿಗೆ ಅದು ಗೊತ್ತಾಗುತ್ತದೆ. ಪ್ರೇಮದ ಎಳೆಯೂ ಬೇಕಿರಲಿಲ್ಲ. ಆದರೆ ಮುಂದೇನಾಗುತ್ತದೆ ಅನ್ನುವ ಕುತೂಹಲ ಕೊನೆಯವರೆಗೂ ಬಿಡುವುದಿಲ್ಲ.

---

ಮಲಪ್ರಭಾ ದಂಡಿ

ಅಕ್ಕಾರ, ನಮಸ್ಕಾರ. ನಾ ಸಾಫ್ಟ್‌ವೇರ್‌ನಾಂವ ಅಲ್ಲ. ಧಾರವಾಡದ ಕಡೆ ಮನಿ, ಸಾಲಿ ಖೋಲಿ ಕಟ್ಟಸೂ ಸೈಟ್ ಎಂಜಿನಿಯರ್. ನಾ ಓದಿದ್ದು ಗೋಲ್ಡ್‌ರ್ಯಾಟ್ ಅವರ 'ಕ್ರಿಟಿಕಲ್ ಚೈನ್'. ಅದೂ 1997ರದ್ದs. ಒಬ್ಬ ಪ್ರಾಧ್ಯಾಪಕ ಬಿಸಿನೆಸ್ ಸ್ಕೂಲಿನ್ಯಾಗ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪಾಠ ಮಾಡ್ತಾನ, ನೌಕರಿ ಕಾಯಂ ಆಗೂದೋ ಇಲ್ಲೋ ಅನ್ನೂ ಚಿಂತಿ ಅವಂಗ. ಕ್ಲಾಸಿನ್ಯಾಗ ಕುಂತವ್ರು ಕಂಪನಿಯೊಳಗ ದುಡಿಯೂ ಮಂದಿ. ಅವರ ನಡುವಿನ ಚರ್ಚಾನೇ ಪುಸ್ತಕ.

ಅದರಾಗಿಂದು ಒಂದs ಮಾತು ನನ್ನ ಕಣ್ಣು ತೆರಸ್ತು. ಕೆಲಸ ತಡ ಆದ್ರ ಆ ತಡ ಮುಂದಿನವಂಗ ಹೋಗ್ತದ. ಲಗೂನ ಮುಗದ್ರ ಆ ಉಳಿದ ದಿನ ಯಾರಿಗೂ ಹೋಗೂದಿಲ್ಲ.

ನಮ್ಮ ಸೈಟಿನ್ಯಾಗ ನೋಡ್ರಿ. ಸ್ಲ್ಯಾಬಿಗೆ ಮೊದಲ ಸೆಂಟ್ರಿಂಗ್, ಆಮ್ಯಾಲೆ ಸರಳು ಕಟ್ಟೂದು, ಆಮ್ಯಾಲೆ ಎಲೆಕ್ಟ್ರಿಷಿಯನ್ ಪೈಪ್ ಹಾಯಿಸೂದು, ಆಮ್ಯಾಲೆ ಕಾಂಕ್ರೀಟ್. ಸೆಂಟ್ರಿಂಗಿನಂವ ನಾಲ್ಕು ದಿನದ ಕೆಲಸಕ್ಕ ಎಂಟು ದಿನ ಹೇಳ್ತಾನ. ಯಾಕಂದ್ರ ಹೋದ ಸಲ ಒಂದು ದಿನ ತಡ ಆಗಿದ್ದಕ್ಕ ಬೈಸ್ಕೊಂಡಾನ. ಎಂಟು ದಿನ ಕೈಯಾಗ ಅದ ಅಂತ ಮೊದಲ ಮೂರು ದಿನ ಇನ್ನೊಂದು ಸೈಟಿಗೆ ಹೋಗ್ತಾನ. ಪರೀಕ್ಷಾ ಹತ್ರ ಬಂದಾಗ ಹುಡುಗೂರು ಪುಸ್ತಕ ತಗೀತಾರಲ್ಲ, ಹಂಗ. ಅಕಸ್ಮಾತ್ ಆರು ದಿನಕ್ಕ ಮುಗಿಸಿದ್ರೂ ಸರಳು ಕಟ್ಟಾಂವ ಒಂಬತ್ತನೇ ದಿನಕ್ಕs ಬರ್ತಾನ, ಅವಂಗ ಹೇಳಿದ ತಾರೀಕು ಅದು. ಎರಡು ದಿನ ಹಂಗs ಹೋದ್ವು.

ಪುಸ್ತಕದ ಉಪಾಯ ಹಿಂಗದ. ಒಬ್ಬೊಬ್ಬರ ಅಂದಾಜಿನ್ಯಾಗ ಬಚ್ಚಿಟ್ಟ ದಿನಾನ ತಗದು ಎಲ್ಲಾರದ್ದೂ ಸೇರಿಸಿ ಕಡೀಕ ಒಂದ ಕಡೆ ಇಡೂದು. ನಾಲ್ಕು ಕೆಲಸ, ಒಂದೊಂದಕ್ಕ ಹತ್ತು ದಿನ ಅಂದ್ರ 40. ಅರ್ಧ ಮಾಡಿದ್ರ 20. ತಗದ 20ರಾಗ ಹತ್ತು ದಿನ ಕಡೀಕ ಬಫರ್ ಅಂತ ಇಟ್ರ ಒಟ್ಟು 30. ಯಾರಿಗೆ ಅಡಚಣಿ ಬಂತೋ ಅವ್ರು ಆ ಗಂಟಿನ್ಯಾಗಿಂದ ತಗೋತಾರ. ನಾ ದಿನಾ ನೋಡೂದು ಒಂದs, ಗಂಟು ಎಷ್ಟು ಕರಗೇತಿ ಅನ್ನೂದು. ಅರ್ಧ ಕೆಲಸ ಆಗೇದ, ಗಂಟಿನ್ಯಾಗ ಮೂರನೇ ಒಂದು ಭಾಗ ಖರ್ಚಾಗೇದ ಅಂದ್ರ ನಿಶ್ಚಿಂತಿ.

ಅರ್ಧ ಮಾಡಬಾರದ್ದೂ ಇರ್ತಾವ್ರಿ, ಅದನ್ನ ಮರಿಬ್ಯಾಡ್ರಿ. ಸ್ಲ್ಯಾಬ್ ಹಾಕಿದ ಮ್ಯಾಲೆ ಆಧಾರದ ಕಂಬ ತಗಿಯೂದಕ್ಕ ಐಎಸ್ 456, ಅಂದ್ರ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ, ಹೇಳೂದು ನಾಲ್ಕೂವರೆ ಮೀಟರ್ ತನಕದ ಹರವಿಗೆ ಏಳು ದಿನ, ಅದಕ್ಕಿಂತ ದೊಡ್ಡದಕ್ಕ 14 ದಿನ. ಅದು ಸಿಮೆಂಟಿನ ದಿನ, ಮನಶ್ಯಾಂದಲ್ಲ. ನಿಮ್ಮ ಕೆಲಸದಾಗೂ ಅಂಥಾವು ಇದ್ದs ಇರ್ತಾವ. ಅವನ್ನ ಮೊದಲ ಬ್ಯಾರೆ ಮಾಡಿ ಇಡ್ರಿ.

---

ರಾತ್ರಿ ಪಾಳಿ

ನಾನು ಸರ್ವರ್ ಸಪೋರ್ಟ್‌ನಲ್ಲಿದ್ದೇನೆ. ಕ್ಲೇಮ್ ಭಾಗ ಒಬ್ಬರಿಗೇ ಗೊತ್ತು ಅಂದಿರಲ್ಲ, ಅದನ್ನು ಓದಿದ ಕೂಡಲೇ 'ದಿ ಫೀನಿಕ್ಸ್ ಪ್ರಾಜೆಕ್ಟ್' ನೆನಪಾಯಿತು. ಜೀನ್ ಕಿಮ್ ಮತ್ತು ಇನ್ನಿಬ್ಬರು ಸೇರಿ ಬರೆದು 2013ರಲ್ಲಿ ತಂದ ಕಾದಂಬರಿ. ಬಿಲ್ ಅನ್ನುವವನನ್ನು ನಿಮ್ಮ ಹಾಗೆಯೇ ಇದ್ದಕ್ಕಿದ್ದಂತೆ ದೊಡ್ಡ ಹುದ್ದೆಗೆ ಏರಿಸುತ್ತಾರೆ, ಮೊದಲ ದಿನವೇ ಸಂಬಳದ ವ್ಯವಸ್ಥೆ ಕೆಟ್ಟು ಕೂರುತ್ತದೆ. ಅವನ ಹತ್ತಿರ ಬ್ರೆಂಟ್ ಅಂತ ಒಬ್ಬ. ಏನೇ ಹಾಳಾದರೂ ಬ್ರೆಂಟ್ ಬೇಕು, ಏನೇ ಹೊಸದಾಗಬೇಕಾದರೂ ಬ್ರೆಂಟ್ ಬೇಕು. ಅವನು ಪಾಪ ಒಳ್ಳೆಯವನು, ಯಾರು ಕರೆದರೂ ಹೋಗುತ್ತಾನೆ. ಹಾಗೆ ಹೋಗುವುದರಿಂದಲೇ ಎಲ್ಲರ ಕೆಲಸವೂ ಅವನ ಮೇಜಿನ ಮೇಲೆ ಸಾಲುಗಟ್ಟಿ ನಿಲ್ಲುತ್ತದೆ.

ಬಿಲ್ ಮಾಡುವುದೇನೆಂದರೆ, ಬ್ರೆಂಟ್‌ನನ್ನು ಯಾರೂ ನೇರವಾಗಿ ಕರೆಯದಂತೆ ತಡೆ ಹಾಕುತ್ತಾನೆ, ಅವನ ತಲೆಯಲ್ಲಿರುವುದನ್ನು ಬೇರೆಯವರು ಬರೆದುಕೊಳ್ಳುವಂತೆ ಮಾಡುತ್ತಾನೆ. ನಿಮ್ಮ ಕ್ಲೇಮ್‌ನವರ ಒಂದು ವಾರವನ್ನು ಲೆಕ್ಕ ಹಾಕಿ. ದೀಪಾವಳಿ ಕೆಲಸಕ್ಕೆ ಎಷ್ಟು ಗಂಟೆ, 'ಅಣ್ಣಾ, ಇಲ್ಲಿ ಒಂದ್ನಿಮಿಷ ಬನ್ನಿ' ಅನ್ನುವುದಕ್ಕೆ ಎಷ್ಟು ಗಂಟೆ. ಆ ಎರಡನೆಯದನ್ನೇ ಪುಸ್ತಕ ಯೋಜನೆಯಿಲ್ಲದ ಕೆಲಸ ಅನ್ನುತ್ತದೆ. ಅದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

---

ಲೆಕ್ಕದ ಪುಸ್ತಕ

ಒಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಈ ಕಾದಂಬರಿಗಳ ನಾಯಕರಿಗೆ ನಮಗಿಲ್ಲದ ಅನುಕೂಲಗಳಿವೆ. ಒಂದೇ ಪ್ರಾಡಕ್ಟಿಗೆ ಮೂರು ತಂಡ ಕೊಡುವ ಕಂಪನಿಯನ್ನು ನಾನು ನೋಡಿಲ್ಲ. ಸರಿಯಾದ ಸಮಯಕ್ಕೆ ಸರಿಯಾದ ಪ್ರಶ್ನೆ ಕೇಳುವ ಗುರುವೂ ಎಲ್ಲರಿಗೂ ಸಿಗುವುದಿಲ್ಲ. ಮುಂದೆ ಯಾರಾದರೂ 1984ರ 'ದಿ ಗೋಲ್' ಅನ್ನೂ ಸೂಚಿಸಬಹುದು. ಅದು ಚೆನ್ನಾಗಿದೆ, ಆದರೆ ಮುಚ್ಚುವ ಹಂತಕ್ಕೆ ಬಂದ ಕಾರ್ಖಾನೆಯ ಕಥೆ. ದಿನವೂ ಅದದೇ ಮಾಲು ತಯಾರಾಗುವ ಜಾಗಕ್ಕೂ ಒಂದೇ ಸಲ ನಡೆಯುವ ಪ್ರಾಜೆಕ್ಟಿಗೂ ವ್ಯತ್ಯಾಸವಿದೆ.

ಹಣದ ಲೆಕ್ಕ ಕಥೆಯಿಂದ ಬರುವುದಿಲ್ಲ. ಉದಾಹರಣೆಗೆ ಒಟ್ಟು ಹತ್ತು ಲಕ್ಷದ ಕೆಲಸ. ಇವತ್ತಿಗೆ ಐದು ಲಕ್ಷದಷ್ಟು ಕೆಲಸ ಆಗಿರಬೇಕಿತ್ತು. ಆಗಿರುವುದು ನಾಲ್ಕು ಲಕ್ಷದಷ್ಟು, ಖರ್ಚಾಗಿರುವುದು ಆರು ಲಕ್ಷ. ನಾಲ್ಕನ್ನು ಐದರಿಂದ ಭಾಗಿಸಿದರೆ 0.8, ಅಂದರೆ ಹಿಂದೆ ಬಿದ್ದಿದ್ದೀರಿ. ನಾಲ್ಕನ್ನು ಆರರಿಂದ ಭಾಗಿಸಿದರೆ ಸುಮಾರು 0.67, ಅಂದರೆ ಖರ್ಚು ಮಾಡಿದ ಪ್ರತಿ ರೂಪಾಯಿಗೆ 67 ಪೈಸೆಯ ಕೆಲಸ ಮಾತ್ರ ಬಂದಿದೆ. ಬರೀ ಖರ್ಚಿನ ಪಟ್ಟಿ ನೋಡಿದವರಿಗೆ ಇದು ಕಾಣುವುದಿಲ್ಲ. ನಿಮ್ಮ ಆ ದಪ್ಪ ಪಿಎಂಬಾಕ್ ಪುಸ್ತಕದಲ್ಲಿ ವೆಚ್ಚದ ಅಧ್ಯಾಯ ಒಂದನ್ನಾದರೂ ಓದಿ. ಉಳಿದದ್ದಕ್ಕೆ ಕಾದಂಬರಿ ಸಾಕು ಅನ್ನುವುದನ್ನು ನಾನೂ ಒಪ್ಪುತ್ತೇನೆ.

---

ಮಂಡ್ಯ ಪ್ಯಾಸೆಂಜರ್ (ಮೂರು ವಾರದ ನಂತರ)

ಇಷ್ಟು ಬಿಡಿಸಿ ಹೇಳಿದ ಎಲ್ಲರಿಗೂ ಕೃತಜ್ಞತೆ. 'ದಿ ಡೆಡ್‌ಲೈನ್' ಅರ್ಧಕ್ಕಿಂತ ಸ್ವಲ್ಪ ಮುಂದೆ ಬಂದಿದ್ದೇನೆ. ಒಂದು ದಿನ ಕೆಂಗೇರಿಯಲ್ಲಿ ಇಳಿಯಬೇಕಾದವಳು ಓದುತ್ತಾ ಮುಂದೆ ಹೋಗಿಬಿಟ್ಟೆ.

ಟೆಸ್ಟರ್ ಸರ್ ಹೇಳಿದ ಹಾಗೆ ನೋಟ್‌ಬುಕ್ ಇಟ್ಟಿದ್ದೇನೆ. ಬೆಲೋಕ್ ತಾರೀಕು ಹಿಂದಕ್ಕೆಳೆಯುವಲ್ಲಿ ನಾನು ಬರೆದದ್ದು: 'ನನಗೆ ತಾರೀಕು ಹೇಳಿದಾಗ ನನಗಾದ ಭಯವನ್ನು ನಾನು ಸಂಜೆಯೊಳಗೆ ಏಳು ಜನಕ್ಕೆ ಹಂಚಿದೆ.' ಅದನ್ನು ಬರೆದ ಮೇಲೆ ಚನ್ನಪಟ್ಟಣದಿಂದ ಬಿಡದಿವರೆಗೆ ಕಿಟಕಿಯಾಚೆ ನೋಡಿಕೊಂಡು ಕೂತಿದ್ದೆ.

ಕ್ಲೇಮ್‌ನವರ ಒಂದು ವಾರ ಲೆಕ್ಕ ಹಾಕಿದೆವು, ಅವರನ್ನೇ ಕೂರಿಸಿಕೊಂಡು. 45 ಗಂಟೆಯಲ್ಲಿ ಹೊಸ ಆವೃತ್ತಿಗೆ ಸಿಕ್ಕಿದ್ದು 14. ಅವರಿಗೇ ನಂಬಿಕೆ ಬರಲಿಲ್ಲ. ಈಗ ಬೆಳಿಗ್ಗೆ ಊಟದವರೆಗೆ ಅವರನ್ನು ಯಾರೂ ಕರೆಯುವಂತಿಲ್ಲ, ಏನಿದ್ದರೂ ನನ್ನ ಹತ್ತಿರ ಬರಬೇಕು. ಮಧ್ಯಾಹ್ನ ಎರಡು ಗಂಟೆ ಹೊಸ ಹುಡುಗ ಅವರ ಪಕ್ಕ ಕೂತು ಕ್ಲೇಮ್ ನಿಯಮಗಳನ್ನು ಬರೆದುಕೊಳ್ಳುತ್ತಾನೆ. ಅವನ ಗೆರೆಯನ್ನು ಎಳೆದಾಗ ಆರನೇ ವಾರಕ್ಕೆ ಸೊನ್ನೆ ದಾಟುತ್ತಾನೆ ಅಂದುಕೊಂಡಿದ್ದೆ. ಎರಡನೇ ಬಣ್ಣದ ಗೆರೆ ಈಗ ಮೂರನೇ ವಾರದಲ್ಲಿದೆ, ನನ್ನ ಊಹೆಗಿಂತ ಸ್ವಲ್ಪ ಕೆಳಗೇ ಇದೆ.

ಆ ಹಾಳೆಯನ್ನೇ ಮೇಲಿನವರ ಹತ್ತಿರ ತೆಗೆದುಕೊಂಡು ಹೋದೆ. ಇನ್ನಿಬ್ಬರನ್ನು ಕೊಡುತ್ತೇವೆ ಅಂತ ಅವರು ಮೊದಲೇ ಹೇಳಿದ್ದರು. ಇಬ್ಬರು ಈಗ ಬಂದರೆ ದೀಪಾವಳಿ ಹೊತ್ತಿಗೆ ಏನಾಗುತ್ತದೆ ಅಂತ ಅದೇ ರೀತಿಯ ಗೆರೆ ಎಳೆದು ತೋರಿಸಿದೆ. ತುಂಬ ಹೊತ್ತು ನೋಡಿದರು. ತಾರೀಕು ಬದಲಾಗಲಿಲ್ಲ. ಆದರೆ ಆಸ್ಪತ್ರೆಯವರ ಜೊತೆ ಮಾತಾಡಿ ಎರಡು ರಿಪೋರ್ಟುಗಳನ್ನು ಸಂಕ್ರಾಂತಿಗೆ ಮುಂದೂಡಿಸಿದರು. ಅವು ನಮ್ಮ ಲೆಕ್ಕದಲ್ಲಿ ಮೂರೂವರೆ ವಾರದ ಕೆಲಸ.

ಲೆಕ್ಕದ ಪುಸ್ತಕ ಸರ್, ವೆಚ್ಚದ ಅಧ್ಯಾಯ ಓದಿದೆ. ನಿಮ್ಮ ಉದಾಹರಣೆ ಜೊತೆಗಿದ್ದದ್ದರಿಂದ ನಿದ್ದೆ ಬರಲಿಲ್ಲ.

ಮಲಪ್ರಭಾ ಸರ್, ನಿಮ್ಮಲ್ಲೊಂದು ಪ್ರಶ್ನೆ. ಅಂದಾಜಿನ ದಿನಗಳನ್ನು ಅರ್ಧ ಮಾಡಿದ್ದೇವೆ ಅಂತ ಹೇಳಿದ ಕೂಡಲೇ ನಮ್ಮ ಹುಡುಗರಿಗೆ ಅದು ಇನ್ನೊಂದು ಒತ್ತಡದ ತಾರೀಕು ಅನ್ನಿಸುವುದಿಲ್ಲವಾ? ಸೆಂಟ್ರಿಂಗ್‌ನವರಿಗೆ ನೀವು ಹೇಗೆ ಹೇಳಿದಿರಿ?

---

ಮಲಪ್ರಭಾ ದಂಡಿ

ತಾರೀಕು ಹೇಳೂದs ಬಿಟ್ಟೆ ಅಕ್ಕಾರ. 'ನಿನ್ನ ಸರತಿ ಬಂದಾಗ ಬ್ಯಾರೆ ಸೈಟಿಗೆ ಹೋಗಬ್ಯಾಡ, ಇದೊಂದs ಮಾಡು, ಮುಗದ ದಿನ ಫೋನ್ ಮಾಡು' ಅಂದೆ, ಅಷ್ಟs. ಮುಂದಿನವಂಗ ನಾನs ಮೂರು ದಿನ ಮೊದಲ ಫೋನ್ ಹಚ್ಚತೀನಿ, ಇನ್ನ ಮೂರು ದಿನದಾಗ ಕೆಲಸ ನಿನ್ನ ಕೈಗೆ ಬರತೈತಿ, ತಯಾರ ಇರು ಅಂತ. ಅರ್ಧ ಮಾಡಿದ ಅಂದಾಜು ನನ್ನ ಡೈರಿಯೊಳಗ ಅದ, ಅವರ ಮಾರಿಗೆ ಹಿಡಿಯೂದಿಲ್ಲ. ಅರ್ಧ ಮಾಡಿದ ಮ್ಯಾಲೆ ಎರಡು ಕೆಲಸದಾಗ ಒಂದು ದಾಟಿ ಹೋಗೂದs, ಅದಕ್ಕ ಗಂಟು ಇಟ್ಟೇವಿ.

ಮೊದಲನೇ ಸಲ ಸೆಂಟ್ರಿಂಗಿನಂವಂಗ ನಾಲ್ಕರ ಬದಲಿ ಆರು ದಿನ ಹಿಡೀತು. ಬಂದು ಮಾರಿ ಸಣ್ಣದು ಮಾಡ್ಕೊಂಡು ನಿಂತ. ನಾ ಬೈಲಿಲ್ಲ, ಚಾ ಕುಡಿಸಿ ಏನು ಅಡಚಣಿ ಆತು ಅಂತ ಕೇಳಿದೆ. ಹಲಗಿ ಕಡಿಮಿ ಬಿದ್ದಿದ್ದುವಂತ. ಅದು ನಾ ತರಸಿ ಕೊಡಬೇಕಾದ್ದು. ಮುಂದಿನ ಸ್ಲ್ಯಾಬಿಗೆ ಹಲಗಿ ಮೊದಲs ತರಸಿ ಇಟ್ಟಿದ್ದೆ. ಐದನೇ ದಿನ ಮುಂಜಾನೆ ಅವನs ಫೋನ್ ಮಾಡಿದ.